ಕಾರಿನ ಬಣ್ಣ ಚಕ್ಕೆ ಎದ್ದರೆ ಮನೆಯಲ್ಲೇ ಏನು ಮಾಡಬಹುದು? ಪ್ರಶ್ನೋತ್ತರ

ಹಾಸನದ ಸದಸ್ಯರು: ನಮಸ್ಕಾರ ಸರ್. ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಬಡಿದು ನಮ್ಮ ಬಿಳಿ ಕಾರಿನ ಬಾನೆಟ್ ಮೇಲೆ ಸಾಸಿವೆಯಷ್ಟು ಬಣ್ಣ ಹಾರಿಹೋಗಿದೆ. ಅಂಗಡಿಯಲ್ಲಿ ಯಾವ ಬಿಳಿ ಕೇಳಬೇಕು?

ಪೇಂಟರ್: ಬರೀ ಬಿಳಿ ಎಂದು ಕೇಳಬೇಡಿ. ಬಾನೆಟ್ ಒಳಗೋ ಬಾಗಿಲ ಕಂಬದಲ್ಲೋ ಇರುವ ಪಟ್ಟಿಯಲ್ಲಿ ಬಣ್ಣದ ಕೋಡ್ ಇರುತ್ತದೆ, ಅದನ್ನು ಹೇಳಿ. ಜಾಗವನ್ನು ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪಾಲಿಶ್ ಜಿಡ್ಡು ತೆಗೆದು, ತಗಡು ಕಾಣುತ್ತಿದ್ದರೆ ಮೊದಲು ಪ್ರೈಮರ್ ಮುಟ್ಟಿಸಿ. ಅದು ಒಣಗಿದ ಮೇಲೆ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಿಂದ ತೆಳುವಾಗಿ, ಒಣಗಲು ಬಿಟ್ಟು ಬಿಟ್ಟು ಹಚ್ಚಿ.

ಮೈಸೂರಿನ ಸದಸ್ಯರು: ಟೂತ್‌ಪೇಸ್ಟ್ ಉಜ್ಜಿದರೆ ಸಾಕು ಎಂಬ ವಿಡಿಯೊ ಬಂದಿದೆ, ನಿಜವೇ?

ಪೇಂಟರ್: ಅಲ್ಲ. ಅದು ಉಜ್ಜುವ ಪುಡಿ. ಕೂದಲೆಳೆಯ ಗೀರು ಮಸುಕಾಗಬಹುದು, ಹಾರಿದ ಬಣ್ಣ ಮರಳುವುದಿಲ್ಲ.

ಮಲ್ಪೆಯ ಸದಸ್ಯರು: ಹಿಂಚಕ್ರದ ಮೇಲಿನ ಅಂಚಿನಲ್ಲಿ ಬಣ್ಣ ಗುಳ್ಳೆಯಂತೆ ಉಬ್ಬಿತ್ತು. ಉಗುರಿನಿಂದ ಒತ್ತಿದಾಗ ಒಡೆದು ಕಂದು ಪುಡಿ ಉದುರಿತು. ಅದೇ ಬಣ್ಣದ ನೇಲ್ ಪಾಲಿಶ್ ಹಚ್ಚಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಪೇಂಟರ್: ದಯವಿಟ್ಟು ಹಚ್ಚಬೇಡಿ. ಕಲ್ಲು ಬಡಿದದ್ದು ಹೊರಗಿನ ಗಾಯ. ನಿಮ್ಮದು ಒಳಗಿನಿಂದ ತಿನ್ನುತ್ತಾ ಬಂದ ತುಕ್ಕು. ಚಕ್ರದ ಅಂಚಿನ ಮಡಿಕೆಯಲ್ಲಿ ಕೆಸರು ಕೂರುತ್ತದೆ, ಕಡಲ ಗಾಳಿಯ ಉಪ್ಪು ಆ ಕೆಸರನ್ನು ಬೇಗ ಒಣಗಲು ಬಿಡುವುದಿಲ್ಲ. ಹೊರಗೆ ಕಾಣುವ ಗುಳ್ಳೆಗಿಂತ ಒಳಗಿನ ತುಕ್ಕು ಹೆಚ್ಚು ಅಗಲ ಇರುತ್ತದೆ. ಮೇಲೆ ಏನೇ ಬಳಿದರೂ ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತಲೇ ಇರುತ್ತದೆ. ಹೊಳೆಯುವ ತಗಡು ಸಿಗುವವರೆಗೆ ಸುತ್ತಲಿನ ಸಡಿಲ ಬಣ್ಣವನ್ನೂ ಸೇರಿಸಿ ಕೆರೆಯಬೇಕು. ಕುಳಿಗಳಲ್ಲಿ ಉಳಿದದ್ದಕ್ಕೆ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ದ್ರಾವಣ, ಅದರ ಮೇಲೆ ತೇವ ತಡೆಯುವ ಇಪಾಕ್ಸಿ ಪ್ರೈಮರ್, ಬಣ್ಣ ಆಮೇಲಿನ ಮಾತು. ಮೊದಲು ಅಂಚಿನ ಒಳಗಡೆಯಿಂದ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ ತಿಳಿಸಿ.

ದಾವಣಗೆರೆಯ ಸದಸ್ಯರು: ಕೋಡ್ ನೋಡಿಯೇ ತಂದ ಸಿಲ್ವರ್ ಬಣ್ಣ ಕಪ್ಪು ಮಚ್ಚೆಯಂತೆ ಕಾಣುತ್ತಿದೆ.

ಪೇಂಟರ್: ಮೆಟಾಲಿಕ್ ಬಣ್ಣದ ಅಲ್ಯೂಮಿನಿಯಂ ಕಣಗಳು ಸ್ಪ್ರೇಯಲ್ಲಿ ಕೂರುವಂತೆ ಬ್ರಷ್‌ನಲ್ಲಿ ಕೂರುವುದಿಲ್ಲ. ಮನೆಯಲ್ಲಿ ಇಷ್ಟೇ ಸಾಧ್ಯ.

ಬೆಂಗಳೂರಿನ ಸದಸ್ಯರು: ಕೋಡ್ ಹೊಸ ಗಾಡಿಗೆ ಮಾತ್ರ. ಬಿಸಿಲಿಗೆ ಬೆಳ್ಳಗಾದ ಕೆಂಪಿಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ ಒಯ್ದು ಹೊಂದಿಸಿದ ಬಣ್ಣವೇ ಸರಿ.

ಹುಬ್ಬಳ್ಳಿಯ ಸದಸ್ಯರು: ಮುಚ್ಚಳ ಒಂದು ಪಕ್ಕದಲ್ಲಿರುತ್ತದೆ, ಬಾನೆಟ್ ಇಡೀ ದಿನ ಬಿಸಿಲು ಕುಡಿಯುತ್ತದೆ. ಎರಡೂ ಒಂದೇ ಆಗುವುದು ಹೇಗೆ?

ಬೆಂಗಳೂರಿನ ಸದಸ್ಯರು: ಹಾಗಾದರೆ ಬಾನೆಟ್ಟನ್ನೇ ಬಿಚ್ಚಿ ಹೊತ್ತೊಯ್ಯಿರಿ!

ಹುಬ್ಬಳ್ಳಿಯ ಸದಸ್ಯರು: ಗಾಡಿಯನ್ನೇ ಅಂಗಡಿಯ ಮುಂದೆ ನಿಲ್ಲಿಸಬಹುದು ಎಂಬುದು ತಮಗೆ ಹೊಳೆಯಲಿಲ್ಲವೇನೋ.

ಶಿವಮೊಗ್ಗದ ಸದಸ್ಯರು: ಮ್ಯಾಟ್ ಬಣ್ಣದ ಗಾಡಿಗೆ ಏನು ಮಾಡಬೇಕು ಸರ್?

ತುಮಕೂರಿನ ಸದಸ್ಯರು: ಸಣ್ಣ ಚಕ್ಕೆಗಾದರೂ ನೇಲ್ ಪಾಲಿಶ್ ನಡೆಯುತ್ತದೆಯೇ?

ಪೇಂಟರ್: ಮೇಲೆ ಹಾಸನದವರಿಗೆ ಹೇಳಿದ್ದನ್ನು ಓದಿ.

ಮೈಸೂರಿನ ಸದಸ್ಯರು: ಸೀಮೆಎಣ್ಣೆ ಒರೆಸಿದರೆ ಗೀರು ಮಾಯವಾಗುತ್ತದೆ ಎಂಬ ಇನ್ನೊಂದು ವಿಡಿಯೊ ಹಾಕಿದ್ದೇನೆ, ನೋಡಿ.

ಪೇಂಟರ್: ಎಣ್ಣೆ ಗೀರಿನಲ್ಲಿ ತುಂಬಿರುವಷ್ಟು ಹೊತ್ತು ಕಾಣುವುದಿಲ್ಲ, ತೊಳೆದ ಕೂಡಲೇ ಕಾಣುತ್ತದೆ. ಆ ಜಿಡ್ಡಿನ ಮೇಲೆ ಬಣ್ಣವೂ ಹಿಡಿಯುವುದಿಲ್ಲ. ವಿಡಿಯೊ ಅಳಿಸಿ. ಇನ್ನೊಮ್ಮೆ ಹಾಕಿದರೆ ನಾನು ಉತ್ತರಿಸುವುದಿಲ್ಲ.

ಮಲ್ಪೆಯ ಸದಸ್ಯರು: ಮೆಲ್ಲಗೇ ತಟ್ಟಿದೆ ಸರ್, ತಗಡು ತೂತಾಯಿತು.

ಪೇಂಟರ್: ಹಾಗಿದ್ದರೆ ಪುಟ್ಟಿ ತುಂಬಿಸಲು ಒಪ್ಪಬೇಡಿ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಟಿಂಕರಿಂಗ್ ಅಂಗಡಿಗೆ ಮಳೆ ಹಿಡಿಯುವ ಮೊದಲೇ ಒಯ್ಯಿರಿ.