ಕಾರಣ ಹೇಳದೆ ಕೂರುವ ಹಕ್ಕು

ಬಸವನಗುಡಿಯ ನಮ್ಮ ಸಂಜೆಯ ಗುಂಪಿನಲ್ಲಿರುವವರು ನಾಲ್ಕೇ ಮಂದಿಯಾದರೂ ಅಭಿಪ್ರಾಯಗಳ ಸಂಖ್ಯೆ ಐದಕ್ಕಿಂತ ಕೆಳಗಿಳಿದದ್ದಿಲ್ಲ. ಏಕೆಂದರೆ ನಮ್ಮ ಇಂಜಿನಿಯರ್ ಸಾಹೇಬರಿಗೆ ಸರ್ಕಾರಿ ಸೇವೆಯಲ್ಲಿದ್ದಾಗಿನದೊಂದು, ನಿವೃತ್ತರಾದ ಮೇಲಿನದೊಂದು ಎಂದು ಎರಡು ಅಭಿಪ್ರಾಯಗಳಿವೆ. ಸುಸ್ಥಿರ ಬಡಾವಣೆಗಳನ್ನು ಕುರಿತ ವಿಚಾರಸಂಕಿರಣವೊಂದಕ್ಕೆ ಹೋಗಿ, ಬಟ್ಟೆಯ ಚೀಲವೊಂದನ್ನೂ ಅದಕ್ಕಿಂತ ಭಾರವಾದ ಉತ್ಸಾಹವನ್ನೂ ಹೊತ್ತು ಬಂದಿದ್ದ ಅವರು, ಪ್ಯಾರಿಸ್ಸಿನ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ ಪ್ರತಿಪಾದಿಸಿದ ಹದಿನೈದು ನಿಮಿಷಗಳ ನಗರವನ್ನು ನಮಗೆ ವಿವರಿಸತೊಡಗಿದರು. ಅಂಗಡಿ, ಶಾಲೆ, ಆಸ್ಪತ್ರೆ, ಉದ್ಯೋಗ, ಉದ್ಯಾನ ಎಲ್ಲವೂ ಮನೆಯಿಂದ ನಡೆದೋ ಸೈಕಲ್ಲಿನಲ್ಲೋ ಕಾಲು ಗಂಟೆಯೊಳಗೆ ಸಿಗಬೇಕು ಎಂಬುದು ಅದರ ಸಾರ.

"ಅದಕ್ಕೆ ಪ್ಯಾರಿಸ್ಸಿನವರೆಗೆ ಏಕೆ ಹೋಗಬೇಕು, ಸಾರ್?" ಎಂದರು ಪದ್ಮಕ್ಕ. "1890ರ ದಶಕದಲ್ಲಿ ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ರೂಪಿಸಿದವರು ಈ ಕೆಲಸವನ್ನು ಆಗಲೇ ಮುಗಿಸಿದ್ದಾರೆ. ಗಾಂಧಿ ಬಜಾರು, ದೇವಸ್ಥಾನ, ಶಾಲೆ, ಔಷಧಿ ಅಂಗಡಿ ಎಲ್ಲವೂ ನನ್ನ ಮನೆಯಿಂದ ಹತ್ತು ನಿಮಿಷದಲ್ಲಿವೆ. ನಡುವೆ ರಸ್ತೆ ದಾಟುವುದಕ್ಕೆ ಮಾತ್ರ ಹದಿನೈದು ನಿಮಿಷ ಬೇಕು."

ಇಂಜಿನಿಯರ್ ಸಾಹೇಬರು ಇದಕ್ಕೆ ಸೋಲುವವರಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯನ್ನು ಉದ್ಧರಿಸಿ, ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲದ ಜಾಗ ಯಾವ ಅಡೆತಡೆಯೂ ಇಲ್ಲದೆ ಇರಬೇಕು, ಅದರ ಅಂಚು ರಸ್ತೆಯಿಂದ 150 ಮಿಲಿಮೀಟರ್‌ಗಿಂತ ಎತ್ತರವಿರಬಾರದು ಎಂದು ಸಾರಿದರು. ನಾವೆಲ್ಲ ಗೌರವದಿಂದ ಕೇಳಿದೆವು, ಆಮೇಲೆ ಒಟ್ಟಾಗಿ ನಮ್ಮ ಬೀದಿಯತ್ತ ನೋಡಿದೆವು. ಮಳೆನೀರಿನ ಚರಂಡಿಯ ಮೇಲೆ ಚಪ್ಪಡಿ ಹಾಸಿ, ಪ್ರತಿ ಗೇಟಿನ ಮುಂದೆ ಕಾರು ಹತ್ತಲೆಂದು ಅದನ್ನು ಇಳಿಜಾರು ಮಾಡಿ, ಮಧ್ಯೆ ಒಂದು ಟ್ರಾನ್ಸ್‌ಫಾರ್ಮರನ್ನೂ ಪ್ರತಿಷ್ಠಾಪಿಸಿರುವ ಆ ಮಾರ್ಗದಲ್ಲಿ ನಡೆಯುವವರಿಗೆ ಪ್ರಶಸ್ತಿಪತ್ರ ಕೊಡುವ ವ್ಯವಸ್ಥೆಯೊಂದು ಇಲ್ಲವೆಂಬುದಷ್ಟೇ ಅದರ ಕೊರತೆ.

ಈ ಹೊತ್ತಿಗೆ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. ಸಮಾಜವಿಜ್ಞಾನದ ಮೇಷ್ಟ್ರಾದ ಅವರಿಗೆ ತಲುಪುವುದಕ್ಕಿಂತ ತಲುಪಿದ ಮೇಲಿನ ಅವಸ್ಥೆಯೇ ಮುಖ್ಯ. "ನಡೆದು ಹೋದೆ ಅಂತಲೇ ಇಟ್ಟುಕೊಳ್ಳಿ, ಹೋಗಿ ಎಲ್ಲಿ ಕೂರಲಿ?" ಎಂದು ಕೇಳಿದ ಅವರು ನಮ್ಮನ್ನು ನೇರವಾಗಿ ನ್ಯೂಯಾರ್ಕಿಗೆ ಕರೆದೊಯ್ದರು. ಕಟ್ಟಡದ ಮುಂದೆ ಸಾರ್ವಜನಿಕರಿಗೆಂದು ಚೌಕ ಬಿಟ್ಟುಕೊಡುವ ಮಾಲೀಕರಿಗೆ ಮೇಲೆ ಹೆಚ್ಚುವರಿ ವಿಸ್ತೀರ್ಣ ಕಟ್ಟಿಕೊಳ್ಳುವ ಅವಕಾಶವನ್ನು ಆ ನಗರ 1961ರ ನಿಯಮದಲ್ಲಿ ಕೊಟ್ಟಿತು. ಮಾಲೀಕರು ಮಹಡಿಗಳನ್ನು ತಪ್ಪದೆ ಕಟ್ಟಿಕೊಂಡರು, ಆದರೆ ಅನೇಕ ಚೌಕಗಳಲ್ಲಿ ನರಪಿಳ್ಳೆಯೂ ಕಾಣಿಸಲಿಲ್ಲ. ಏಕೆಂದು ತಿಳಿಯಲು 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಜನರ ಓಡಾಟವನ್ನು ಚಿತ್ರಿಸಿ, ಕೊನೆಗೊಂದು ತೀರ್ಮಾನಕ್ಕೆ ಬಂದರು: ಕೂರಲು ಜಾಗವಿರುವಲ್ಲಿ ಜನ ಕೂರುತ್ತಾರೆ.

"ಇದನ್ನು ಕಂಡುಹಿಡಿಯಲು ಕ್ಯಾಮೆರಾ ಬೇಕಾಯಿತೇ?" ಎಂದು ಪದ್ಮಕ್ಕ ಬೆರಗಾದರು.

"ಕ್ಯಾಮೆರಾ ಇಟ್ಟು ತೋರಿಸಿದ ಮೇಲೂ ನಮ್ಮವರಿಗೆ ಗೊತ್ತಾಗಲಿಲ್ಲವಲ್ಲ, ಅಕ್ಕ" ಎಂದರು ಮೇಷ್ಟ್ರು. ಬಿಡಿ ಕುರ್ಚಿಗಳಿದ್ದರೆ ಜನ ಕೂರುವ ಮುನ್ನ ಅದನ್ನು ಒಂದೆರಡು ಅಂಗುಲವಾದರೂ ಸರಿಸುತ್ತಾರೆಂಬುದನ್ನೂ ವೈಟ್ ಗಮನಿಸಿದ್ದರಂತೆ. ಸರಿಸಿದ್ದರಿಂದ ಪ್ರಯೋಜನವೇನೂ ಇಲ್ಲದಿದ್ದರೂ, ಆ ಸ್ಥಳ ತನ್ನ ಮಾತು ಕೇಳಿತು ಎಂಬ ಸಮಾಧಾನ ಅವರಿಗೆ ಸಿಗುತ್ತದೆ. ಮಾದಕ ವಸ್ತುಗಳ ವ್ಯಾಪಾರಕ್ಕೆ ಕುಖ್ಯಾತವಾಗಿದ್ದ ಅಲ್ಲಿನ ಬ್ರಯಾಂಟ್ ಪಾರ್ಕಿನಲ್ಲಿ ಮರೆಮಾಡುತ್ತಿದ್ದ ಪೊದೆಸಾಲುಗಳನ್ನು ತೆಗೆದು, ಪ್ರವೇಶದ್ವಾರಗಳನ್ನು ಅಗಲಗೊಳಿಸಿ, ಬಿಡಿ ಕುರ್ಚಿಗಳನ್ನು ಹಾಕಿ 1992ರಲ್ಲಿ ಮತ್ತೆ ತೆರೆದಾಗ ಊರಿಗೂರೇ ಅಲ್ಲಿಗೆ ಬಂತು.

"ಇಲ್ಲಿ ಬಿಡಿ ಕುರ್ಚಿ ಹಾಕಿದರೆ ಸಂಜೆಯೊಳಗೆ ಯಾರದೋ ಮನೆಯ ತಾರಸಿಯ ಮೇಲಿರುತ್ತದೆ" ಎಂದು ಇಂಜಿನಿಯರ್ ಸಾಹೇಬರು ತಮ್ಮ ಸೇವಾವಧಿಯ ಅಭಿಪ್ರಾಯವನ್ನು ಮುಂದಿಟ್ಟರು.

"ಇರಲಿ ಬಿಡಿ, ಕದ್ದವನಾದರೂ ನೆಮ್ಮದಿಯಾಗಿ ಕೂರಲಿ" ಎಂದರು ಪದ್ಮಕ್ಕ.

ನನಗನ್ನಿಸುವಂತೆ ನಮ್ಮ ಹಿರಿಯರಿಗೆ ಈ ವಿದ್ಯೆ ಕಲಿಸಿಕೊಡಬೇಕಾಗಿರಲಿಲ್ಲ. ಅರಳಿಮರಕ್ಕೂ ಬೇವಿನ ಮರಕ್ಕೂ ಮದುವೆ ಮಾಡಿಸಿ, ಸುತ್ತ ಕಟ್ಟೆ ಕಟ್ಟಿ, ಒಂದು ಬದಿಯಲ್ಲಿ ನಾಗರಕಲ್ಲುಗಳನ್ನು ನಿಲ್ಲಿಸಿದ ಮೇಲೆ ಅಲ್ಲಿ ನೆರಳೂ ಆಸನವೂ ಒದಗುತ್ತಿದ್ದವು, ದೇವರ ಭಯದಿಂದ ಆ ಜಾಗವನ್ನು ಒತ್ತುವರಿ ಮಾಡುವವರೂ ಇರುತ್ತಿರಲಿಲ್ಲ. ಸುಸ್ಥಿರತೆಗೆ ಇದಕ್ಕಿಂತ ಗಟ್ಟಿಯಾದ ಕಾನೂನನ್ನು ನಾನು ಕಂಡಿಲ್ಲ. (ಅಲ್ಲಿ ಕೂರಲು ಎಲ್ಲ ಜಾತಿಯವರಿಗೂ ಅವಕಾಶವಿರಲಿಲ್ಲವೆಂದು ಮೇಷ್ಟ್ರು ಕೂಡಲೇ ತಿದ್ದಿದರು, ಮತ್ತು ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.) ಹಳೆಯ ಮನೆಗಳಿಗೆ ಬೀದಿಯ ಕಡೆಗೆ ಜಗಲಿಯೂ ಇರುತ್ತಿತ್ತು. ಈಗ ಜಗಲಿ ಇದ್ದ ಜಾಗದಲ್ಲಿ ಕಾಂಪೌಂಡ್ ಗೋಡೆ, ಅದರ ನೆತ್ತಿಯಲ್ಲಿ ಗಾಜಿನ ಚೂರು, ಯಾರಾದರೂ ಒರಗಿಯಾರೆಂದು ಗೋಡೆಯ ಬುಡದಲ್ಲಿ ಕಬ್ಬಿಣದ ಮುಳ್ಳುಗಳ ಸಾಲು.

ಉದ್ಯಾನಗಳಿವೆಯಲ್ಲ ಎಂದು ಇಂಜಿನಿಯರ್ ಸಾಹೇಬರು ಆಕ್ಷೇಪಿಸಿದರು. ಇವೆ, ನಿಜ. ಆದರೆ ಬಡಾವಣೆಯ ಉದ್ಯಾನವೆಂದರೆ ಮೊದಲು ಕಾಣುವುದೇ ಫಲಕ: ಆಡಬಾರದು, ಓಡಬಾರದು, ಹುಲ್ಲು ತುಳಿಯಬಾರದು, ಮಲಗಬಾರದು. ನಮ್ಮ ಗುಂಪು ನಾಲ್ಕು ಜನರ ಬೆಂಚಿನಲ್ಲಿ ಸ್ವಲ್ಪ ಜೋರಾಗಿ ನಕ್ಕರೂ ಸಾಕು, ಕಾವಲುಗಾರನ ಸೀಟಿ ಕೇಳಿಸುತ್ತದೆ.

"ನಾವು ನಾಲ್ಕು ಜನ ಇದ್ದೇವೆ, ನಗುತ್ತೇವೆ. ಹೆಂಗಸೊಬ್ಬಳು ಒಂಟಿಯಾಗಿ ಕೂತು ನೋಡಲಿ" ಎಂದು ಪದ್ಮಕ್ಕ ಮಾತಿನ ದಿಕ್ಕನ್ನೇ ಬದಲಿಸಿದರು. ಅವರ ಪ್ರಕಾರ ಗಂಡಸು ಕಟ್ಟೆಯ ಮೇಲೆ ಕೂತರೆ ಅದು ವಿಶ್ರಾಂತಿ, ಹೆಂಗಸು ಕೂತರೆ ಹಾದುಹೋಗುವವರೆಲ್ಲ "ಯಾರಿಗಾದರೂ ಕಾಯುತ್ತಿದ್ದೀರಾ?" ಎಂದು ವಿಚಾರಿಸುತ್ತಾರೆ. ಆದ್ದರಿಂದ ಅವರು ಹೊರಗೆ ಹೊರಟಾಗಲೆಲ್ಲ ಚೀಲವೊಂದರಲ್ಲಿ ಒಂದು ಕಟ್ಟು ಕರಿಬೇವನ್ನು ಇಟ್ಟುಕೊಂಡಿರುತ್ತಾರಂತೆ. ಚೀಲದ ಬಾಯಿಂದ ಎರಡು ಎಲೆ ಹೊರಗೆ ಇಣುಕುತ್ತಿದ್ದರೆ, ತರಕಾರಿ ತರಲು ಹೋದವಳು ದಣಿವಾರಿಸಿಕೊಳ್ಳುತ್ತಿದ್ದಾಳೆಂದು ಲೋಕ ಒಪ್ಪಿಕೊಳ್ಳುತ್ತದೆ. "ಆ ಕರಿಬೇವು ನನ್ನ ಪರವಾನಗಿ ಪತ್ರ, ಒಣಗಿದಾಗ ನವೀಕರಿಸುತ್ತೇನೆ" ಎಂದ ಅವರು, ಸಂಜೆ ಹೂವಿನವಳೂ ಕಡಲೆಕಾಯಿಯವನೂ ಇರುವ ತಿರುವಿನಲ್ಲಿ ಮಾತ್ರ ತಮಗೆ ಪರವಾನಗಿಯ ಅಗತ್ಯವೇ ಬೀಳುವುದಿಲ್ಲ ಎಂದೂ ಸೇರಿಸಿದರು.

ಬೀದಿಯ ಮೇಲೆ ಕಣ್ಣುಗಳಿದ್ದರೆ ಬೀದಿ ಸುರಕ್ಷಿತವೆಂದು ನಗರಗಳನ್ನು ಕುರಿತು ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಷ್ಟು ಹಿಂದೆಯೇ ವಾದಿಸಿದ್ದನ್ನು ಮೇಷ್ಟ್ರು ನೆನಪಿಸಿದರು. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು ಎಂದು ನಾನೂ ನನ್ನ ಪಾಲಿನ ಕಾನೂನನ್ನು ಹೇಳಿದೆ. ವಿಚಿತ್ರವೆಂದರೆ, ಬಡಾವಣೆಯನ್ನು ಅಂದಗೊಳಿಸುವ ಯೋಜನೆಗಳು ಮೊದಲು ತೆರವುಗೊಳಿಸುವುದು ಈ ಕಣ್ಣುಗಳನ್ನೇ. ಅವುಗಳ ಬದಲಿಗೆ ಕಂಬಕ್ಕೆ ಸಿಸಿಟಿವಿ ಹಾಕಲಾಗುತ್ತದೆ, ಅದಕ್ಕೆ ಕಡಲೆಕಾಯಿ ಹುರಿಯಲು ಬರುವುದಿಲ್ಲ.

ವಾಹನಗಳನ್ನು ತಡೆದರೆ ವ್ಯಾಪಾರ ಕೆಡುತ್ತದೆಂದು 1962ರಲ್ಲಿ ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯ ಅಂಗಡಿಯವರೂ ಹೆದರಿದ್ದರು. ಆ ಬೀದಿ ಇಂದಿಗೂ ನಡೆಯುವವರಿಂದ ತುಂಬಿದೆ. ನಮ್ಮಲ್ಲೇ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿದಾಗ ಜನ ರಸ್ತೆಯ ನಟ್ಟನಡುವೆ ನಿಂತು ಫೋಟೋ ತೆಗೆಸಿಕೊಂಡರು. ಬೆಂಗಳೂರಿನವನು ರಸ್ತೆಯ ಮಧ್ಯೆ ಜೀವಂತವಾಗಿ ನಿಂತದ್ದಕ್ಕೆ ಸಾಕ್ಷಿ ಬೇಡವೇ?

ಕೊನೆಗೆ ಮನವಿಪತ್ರವೊಂದನ್ನು ಬರೆಯೋಣವೆಂದಾಯಿತು: ತಿರುವಿನ ಹೊಂಗೆಮರದ ಬುಡದ ಕಾಂಕ್ರೀಟು ಕಿತ್ತು ನೀರು ಇಂಗಲು ಬಿಡಬೇಕು, ಅದರ ಸುತ್ತ ಒಂದು ಕಟ್ಟೆ ಆಗಬೇಕು. ಆದರೆ ಆ ಮರದ ಕೆಳಗಿದ್ದ ಕಲ್ಲುಬೆಂಚನ್ನು "ಯಾರ್ಯಾರೋ ಬಂದು ಕೂರುತ್ತಾರೆ" ಎಂಬ ಕಾರಣಕ್ಕೆ ತೆಗೆಸಿದ ನಿವಾಸಿಗಳ ಅರ್ಜಿಯಲ್ಲಿ ಮೊದಲ ಸಹಿ ಇಂಜಿನಿಯರ್ ಸಾಹೇಬರದೇ ಎಂಬುದನ್ನು ಪದ್ಮಕ್ಕ ಮರೆತಿರಲಿಲ್ಲ. ಆ ಯಾರ್ಯಾರೋ ಎಂದರೆ ಆರ್ಡರಿಗೆ ಕಾಯುತ್ತಿದ್ದ ಡೆಲಿವರಿ ಹುಡುಗರು. ಈಗ ಅವರು ಬೈಕಿನ ಮೇಲೆಯೇ ಕೂತು ಊಟ ಮಾಡುತ್ತಾರೆ.

ಸಾಹೇಬರು ಬಹಳ ಹೊತ್ತು ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ, ತಮ್ಮ ಕಾಂಪೌಂಡಿನ ಹೊರಬದಿಯ ಮುಳ್ಳುಗಳನ್ನು ತೆಗೆಸಿ, ಗೋಡೆಯನ್ನು ಒಂದಡಿ ಹಿಂದಕ್ಕೆ ಕಟ್ಟಿ, ಬಿಟ್ಟ ಜಾಗದಲ್ಲಿ ಒಂದೂವರೆ ಅಡಿ ಎತ್ತರದ ಕಟ್ಟೆ ಹಾಕಿಸುತ್ತೇನೆಂದು ಒಪ್ಪಿಕೊಂಡರು. ಒಂದಡಿ ಅಗಲದಲ್ಲಿ ಅರ್ಧ ಮನುಷ್ಯ ಮಾತ್ರ ಕೂರಬಹುದೆಂದು ಪದ್ಮಕ್ಕ ಗೇಣಿನಿಂದ ಅಳೆದು ತೋರಿಸಿದಾಗ ಅದು ಒಂದೂಕಾಲು ಅಡಿಗೆ ಏರಿತು. ಇನ್ನೂ ಕಾಲಡಿಗಾಗಿ ಮಾತುಕತೆ ಮುಂದುವರಿದಿದೆ. ಕಟ್ಟೆಯ ಮೇಲೆ ಕೂರುವ ವೇಳಾಪಟ್ಟಿಯ ಫಲಕವೊಂದನ್ನು ಮಾತ್ರ ಹಾಕಿಕೊಳ್ಳಲು ಅವರು ಅನುಮತಿ ಕೇಳುತ್ತಿದ್ದಾರೆ.