25 ದಿನ, ತಲೆಗೆ 20 ಸಾವಿರ: ಉತ್ತರ ಭಾರತ ಸುತ್ತಲು ಸಾಕಾ?

ಕೇಳಿದ್ದು ಇಷ್ಟು: ದಾವಣಗೆರೆಯ ಇಬ್ಬರು ಗೆಳತಿಯರು, ಡಿಗ್ರಿ ಮುಗಿದಿದೆ, ತಲೆಗೆ 20 ಸಾವಿರ ಇದೆ, 25 ದಿನ ರಜೆ, ಹಿಂದಿ ಅಷ್ಟಕ್ಕಷ್ಟೆ. ಕಾಶಿ, ಆಗ್ರಾ, ದೆಹಲಿ, ಅಮೃತಸರ ನೋಡಬೇಕು. ಹೋಗಿ ಬಂದವರು ಅನುಭವ ಹೇಳಿ ಅಂತ.

ಸಾಕು, ಧೈರ್ಯವಾಗಿ ಹೋಗಿ. ನಾನೂ ನನ್ನ ತಂಗಿಯೂ 2023ರ ಫೆಬ್ರವರಿ-ಮಾರ್ಚ್‌ನಲ್ಲಿ ಇದೇ ನಾಲ್ಕು ಊರಿಗೆ ಹೋಗಿದ್ದೆವು. 24 ದಿನಕ್ಕೆ ತಲೆಗೆ 17 ಸಾವಿರದ ಚಿಲ್ಲರೆ ಆಯಿತು. ನಾವು ಏನೂ ಹೊಸದಾಗಿ ಕಂಡುಹಿಡಿಯಲಿಲ್ಲ. ನಮ್ಮ ದೇಶದಲ್ಲಿ ಕಡಿಮೆ ದುಡ್ಡಲ್ಲಿ ದೂರ ಹೋಗುವುದು ಯಾತ್ರೆ ಹೋಗುವವರಿಗೆ ನೂರಾರು ವರ್ಷದಿಂದ ಗೊತ್ತು. ಮಠ, ಧರ್ಮಶಾಲೆ, ಛತ್ರ, ಅನ್ನದಾನ ಎಲ್ಲಾ ಅವರಿಗಾಗಿಯೇ ಆಗಿದ್ದು. ಅವರ ಹಿಂದೆ ಹೋದರೆ ಮುಗಿಯಿತು.

ಮೊದಲು ರೈಲು. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಜನರಲ್ ಬೋಗಿಯಲ್ಲಿ ಹೋಗಿ, ಅರ್ಧ ದುಡ್ಡು ಉಳಿಯುತ್ತೆ ಅಂದಿದ್ದಾರೆ. ಮೂರು-ನಾಲ್ಕು ಗಂಟೆ ದಾರಿಗೆ ಸರಿ, ಎರಡು ರಾತ್ರಿಯ ದಾರಿಗೆ ದಯವಿಟ್ಟು ಬೇಡ. ಸ್ಲೀಪರ್ ಮಾಡಿಸಿ. ಬೆಂಗಳೂರಿನಿಂದ ದೆಹಲಿಗೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ, ಆದರೂ ಸ್ಲೀಪರ್ ಟಿಕೆಟ್ ಸಾವಿರ ರೂಪಾಯಿಯ ಆಸುಪಾಸಿನಲ್ಲೇ ಇರುತ್ತೆ. ದೂರ ಹೆಚ್ಚಾದಷ್ಟೂ ಕಿಲೋಮೀಟರಿನ ಲೆಕ್ಕದಲ್ಲಿ ದರ ಇಳಿಯುತ್ತೆ. ಹಾಗಾಗಿ ತುಂಡು ತುಂಡು ಟಿಕೆಟ್ ತಗೊಂಡರೆ ನಿಮಗೇ ನಷ್ಟ. ಹೊರಟ ಊರಿಗೇ ವಾಪಸ್ ಬರುವವರಿಗೆ ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತಲೇ ಒಂದಿದೆ, ದಾರಿಯಲ್ಲಿ ಎಂಟು ಕಡೆ ಇಳಿದು ಹತ್ತಬಹುದು. ಆದರೆ ಆನ್‌ಲೈನ್‌ನಲ್ಲಿ ಆಗಲ್ಲ, ದೊಡ್ಡ ಸ್ಟೇಷನ್‌ನಲ್ಲಿ ಅರ್ಜಿ ಕೊಡಬೇಕು, ಆಮೇಲೆ ಒಂದೊಂದು ಹಂತಕ್ಕೂ ಬೇರೆ ಬೇರೆ ರಿಸರ್ವೇಷನ್ ಮಾಡಿಸಬೇಕು. ಓಡಾಡುವ ತಾಳ್ಮೆ ಇದ್ದರೆ ವಿಚಾರಿಸಿ.

ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ, ಆವತ್ತೇ ಮಾಡಿಸಿ. ವೇಟಿಂಗ್ ಲಿಸ್ಟ್ ಇಟ್ಕೊಂಡು ಸ್ಲೀಪರ್ ಹತ್ತುವ ಕಾಲ ಹೋಯಿತು, ಈಗ ಇಳಿಸುತ್ತಾರೆ. ಬಹಳ ಹುಡುಗಿಯರಿಗೆ ಗೊತ್ತಿಲ್ಲದ ವಿಷಯ ಒಂದು. ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್‌ನಲ್ಲಿ ಹೆಂಗಸರಿಗೆ ಅಂತ 6 ಬರ್ತ್ ತೆಗೆದಿಟ್ಟಿರುತ್ತಾರೆ. ಬುಕ್ ಮಾಡುವಾಗ ಕೋಟಾ ಜಾಗದಲ್ಲಿ ಲೇಡೀಸ್ ಅಂತ ಹಾಕಿ ನೋಡಿ. ಜನರಲ್ ಕೋಟಾ ತುಂಬಿದ್ದ ದಿನ ನಮಗೆ ಸಿಕ್ಕಿದ್ದು ಅದರಲ್ಲೇ. ಮೇಲಿನ ಬರ್ತ್ ಕೇಳಿ, ಹಗಲು ಮಲಗಿದರೂ ಯಾರೂ ಏಳಿಸಲ್ಲ. ಹೊದಿಕೆ ಕೊಡಲ್ಲ, ನಿಮ್ಮದೇ ಒಯ್ಯಿರಿ. ತೊಂದರೆ ಆದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ಕಾಶಿಗೆ ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್ ರೈಲು ಹತ್ತಿ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ ಇಳಿದೆವು. ಅದೇ ಹಳೆಯ ಮೊಘಲ್‌ಸರಾಯ್. ಅಲ್ಲಿಂದ ಶೇರ್ ಆಟೊ. ಎರಡು ದಿನದ ಬುತ್ತಿಗೆ ಅಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದರು. ಎದುರು ಸೀಟಿನ ಬಿಹಾರದ ಅಜ್ಜ ಚಟ್ನಿಪುಡಿಯ ರುಚಿ ನೋಡಿ, ತಮ್ಮ ಗಂಟಿನಿಂದ ಹುರಿದ ಕಡಲೆಯ ಹಿಟ್ಟು (ಅಲ್ಲಿ ಅದಕ್ಕೆ 'ಸತ್ತು' ಅನ್ನುತ್ತಾರೆ) ತೆಗೆದು ಈರುಳ್ಳಿ, ಹಸಿಮೆಣಸು, ಉಪ್ಪು ಹಾಕಿ ಕಲಸಿ ಒಂದು ಉಂಡೆ ನಮ್ಮ ಕೈಗಿಟ್ಟರು. ಆ ಮಧ್ಯಾಹ್ನ ಊಟಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ.

ಕಾಶಿಯಲ್ಲಿ ಗೋದೌಲಿಯಾ ಹತ್ತಿರ ಜಂಗಮವಾಡಿ ಮಠ ಇದೆ, ಯಾತ್ರೆಯವರಿಗೆ ಉಳಿಯಲು ವ್ಯವಸ್ಥೆ ಇದೆ. ಒಳಗೆ ಕಾಲಿಟ್ಟರೆ ಕನ್ನಡ ಕಿವಿಗೆ ಬೀಳುತ್ತೆ. ದೂರದ ಊರಲ್ಲಿ ಬೆಳಿಗ್ಗೆ ಎದ್ದಾಗ ಹೊರಗೆ ಯಾರೋ "ಸ್ನಾನ ಆಯ್ತೇನವ್ವ" ಅಂದರೆ ಎಷ್ಟು ನೆಮ್ಮದಿ ಗೊತ್ತಾ? ಗಂಗೆಯ ಸ್ನಾನಘಟ್ಟಗಳನ್ನೆಲ್ಲ ನಡೆದೇ ನೋಡಬಹುದು. ದೋಣಿಗೆ ಮಾತ್ರ ಬೇರೆಯವರ ಜೊತೆ ಸೇರಿ, ಹತ್ತುವ ಮೊದಲೇ ತಲೆಗೆ ಎಷ್ಟು ಅಂತ ಬಾಯಿಬಿಟ್ಟು ಕೇಳಿ.

ಆಗ್ರಾದಲ್ಲಿ ನಾವು ತಪ್ಪು ಮಾಡಿದೆವು. ಇಳಿದದ್ದು ಶುಕ್ರವಾರ, ಆವತ್ತು ತಾಜ್ ಮಹಲ್ ಬಾಗಿಲು ಮುಚ್ಚಿರುತ್ತೆ. ಆಗ್ರಾ ಕೋಟೆಯಿಂದ ದೂರಕ್ಕೆ ತಾಜ್ ನೋಡಿ, ಇನ್ನೊಂದು ರಾತ್ರಿ ರೂಮಿಗೆ ದುಡ್ಡು ಕೊಟ್ಟೆವು. ಭಾರತೀಯರಿಗೆ ಟಿಕೆಟ್ 50 ರೂಪಾಯಿ, ಮುಖ್ಯ ಗೋರಿಯ ಒಳಗೆ ಹೋಗಲು ಇನ್ನೂ 200. ನಾವು ಕೊಟ್ಟು ಹೋದೆವು. ಬಿಟ್ಟರೂ ನಡೆಯುತ್ತೆ, ಹೊರಗಿನಿಂದ ನೋಡುವುದೇ ಚಂದ.

ದೆಹಲಿಯಲ್ಲಿ ಮೆಟ್ರೊ ಇದೆ, ಅಷ್ಟೇ ಸಾಕು. ಸ್ಟೇಷನ್ ಹೊರಗೆ ಯಾರಾದರೂ "ನಿಮ್ಮ ಹೋಟೆಲ್ ಬುಕಿಂಗ್ ಕ್ಯಾನ್ಸಲ್ ಆಗಿದೆ, ನಾನು ಬೇರೆ ತೋರಿಸುತ್ತೇನೆ" ಅಂದರೆ ನಿಲ್ಲದೆ ನಡೆಯಿರಿ.

ಅಮೃತಸರಕ್ಕೆ ಜಾಸ್ತಿ ದಿನ ಇಟ್ಟುಕೊಳ್ಳಿ. ಸ್ಟೇಷನ್‌ನಿಂದ ಸ್ವರ್ಣಮಂದಿರಕ್ಕೆ ಉಚಿತ ಬಸ್ ಇದೆ, ಉಳಿಯಲು 'ಸರಾಯ್' ಅನ್ನುವ ಯಾತ್ರಿಕರ ಛತ್ರಗಳಿವೆ, ಲಂಗರ್ ಅಂದರೆ ಎಲ್ಲರಿಗೂ ಹಾಕುವ ಪುಕ್ಕಟೆ ಊಟ ಹಗಲು-ರಾತ್ರಿ ನಡೆಯುತ್ತೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಸಾಲಾಗಿ ನೆಲದ ಮೇಲೆ ಕೂತರೆ ದಾಲ್ ಬಡಿಸುತ್ತಾರೆ. ರೊಟ್ಟಿಯನ್ನು ತಟ್ಟೆಗೆ ಹಾಕಲ್ಲ, ಎರಡೂ ಕೈ ಮೇಲೆತ್ತಿ ಬೊಗಸೆ ಹಿಡಿದು ತಗೋಬೇಕು. ನನಗೆ ಗೊತ್ತಿರಲಿಲ್ಲ, ಒಂದೇ ಕೈ ಚಾಚಿದೆ. ಬಡಿಸುವ ಹುಡುಗ ಸುಮ್ನೆ ನಿಂತು ನನ್ನ ಇನ್ನೊಂದು ಕೈ ಕಡೆ ನೋಡಿದ. ಪಕ್ಕದ ಅಜ್ಜಿ ಮೆಲ್ಲಗೆ ನನ್ನ ಎಡಗೈ ಎತ್ತಿ ಬಲಗೈಗೆ ಜೋಡಿಸಿದರು. ಆಮೇಲೆ ಬಿಸಿ ರೊಟ್ಟಿ ಬಿತ್ತು.

ಪುಕ್ಕಟೆ ಊಟ, ಪುಕ್ಕಟೆ ಜಾಗ ಅಂತ ಮಾತ್ರ ಅಲ್ಲಿಗೆ ಹೋಗಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಊಟ ಆದ ಮೇಲೆ ತಟ್ಟೆ ತೊಳೆಯುವ ಕಡೆ, ಬೆಳ್ಳುಳ್ಳಿ ಬಿಡಿಸುವ ಕಡೆ ಹೋಗಿ ಕೂತರೆ ಯಾರೂ ಯಾವ ಊರು, ಯಾವ ಜಾತಿ ಅಂತ ಕೇಳಲ್ಲ. ಆ ಅಜ್ಜಿಯ ಪಕ್ಕದಲ್ಲೇ ಎರಡು ಗಂಟೆ ಬೆಳ್ಳುಳ್ಳಿ ಬಿಡಿಸಿದೆವು. ಅವರ ಪಂಜಾಬಿ ನಮಗೆ ಅರ್ಥ ಆಗಲಿಲ್ಲ, "ಪುತ್ತರ್" (ಮಗು) ಅನ್ನುವುದೊಂದು ಬಿಟ್ಟು. ಮಠದಲ್ಲೂ ಅಷ್ಟೆ, ಕೈಲಾದಷ್ಟು ಹುಂಡಿಗೆ ಹಾಕಿ. ನಿಮ್ಮ ಹಿಂದೆ ಬರುವವರಿಗೂ ಅದು ಉಳಿಯಬೇಕಲ್ವಾ?

ಭಾಷೆಗೆ ಹೆದರಬೇಡಿ. ಹಿಂದಿಯ ಲೆಕ್ಕ ಮಾತ್ರ ನೂರರವರೆಗೆ ಬಾಯಿಪಾಠ ಮಾಡಿ. ಪಚ್ಚೀಸ್‌ಗೂ ಪಚಾಸ್‌ಗೂ ವ್ಯತ್ಯಾಸ ತಿಳಿಯದೆ 25ರ ಜಾಗಕ್ಕೆ 50 ಕೊಟ್ಟವರು ನಾವು. ದುಡ್ಡು ಸೋರುವುದು ಇಂಥ ಕಡೆ, ಆಟೊ, ನೀರಿನ ಬಾಟಲಿ, ರಾತ್ರಿ ಹೊತ್ತು ಇಳಿದು ಕಂಡ ರೂಮಿಗೆ ಹೋಗುವುದು. ಬೆಳಕಿರುವಾಗಲೇ ಊರು ಸೇರುವ ರೈಲು ಆರಿಸಿ.

ವಾಪಸ್ ಬರುವಾಗ ದೆಹಲಿಯ ನಿಜಾಮುದ್ದೀನ್ ಸ್ಟೇಷನ್‌ನಿಂದ ಸಂಪರ್ಕ ಕ್ರಾಂತಿ ರೈಲು ನೋಡಿ, ಹುಬ್ಬಳ್ಳಿ ಮೇಲೆ ಬರುವುದು ದಾವಣಗೆರೆಗೇ ಬಿಡುತ್ತೆ, ಬೆಂಗಳೂರು ಸುತ್ತು ತಪ್ಪುತ್ತೆ. ಸರ್ಕ್ಯುಲರ್ ಟಿಕೆಟ್ ಮಾಡಿಸುವುದಾದರೆ ಮಾತ್ರ ಹೊರಟ ಸ್ಟೇಷನ್‌ಗೇ ವಾಪಸ್ ಬರಬೇಕು, ಅದನ್ನು ಮೊದಲೇ ಯೋಚಿಸಿ. ಯಾವ ತಿಂಗಳು ಹೊರಡುತ್ತೀರಿ ಅಂತ ನೀವು ಹೇಳಿಲ್ಲ. ಡಿಸೆಂಬರ್, ಜನವರಿ ಬೇಡ, ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡ. ಮೇ, ಜೂನ್ ಸೆಖೆಯಲ್ಲಿ ಸ್ಲೀಪರ್ ಬಹಳ ಕಷ್ಟ. ತಿಂಗಳು ಹೇಳಿ, ಊರಿಗೆ ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ನೋಡೋಣ.