ಮೂಲೆ ಆಫೀಸ್ ಕಟ್ಟಡದ ಎಸಿ: ಅರ್ಜಿ ವಾಪಸ್ ತಗೊಳ್ಳೋದಾ, ಬೇಡ್ವಾ?

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಮೂಲೆ ಕಟ್ಟಡದ ಓನರ್ ಸಿಕ್ಕಿದ್ರು. ಗೋಡೆಗೆ ಹಾಕಿಸಿರೋ ಔಟ್‌ಡೋರ್ ಯೂನಿಟ್‌ಗಳನ್ನೆಲ್ಲ ತೆಗೆಸಿ ಇಂಡಕ್ಷನ್ ಯೂನಿಟ್ ಅನ್ನೋ ಬೇರೆ ಥರದ ಎಸಿ ಹಾಕಿಸ್ತಾರಂತೆ. "ಅದರಲ್ಲಿ ಫ್ಯಾನೇ ಇರಲ್ಲ, ಸದ್ದಿನ ಮಾತೇ ಇಲ್ಲ" ಅಂದ್ರು. ಈ ಎಸಿ ಕಾಟದ ಬಗ್ಗೆ ಕೊಟ್ಟಿರೋ ನಮ್ಮ ದೂರಿನ ಅರ್ಜಿ ವಾಪಸ್ ತಗೊಳ್ಳೋಣ್ವಾ?

ಮನೆ 17: ತಗೊಳ್ಳಿ ಸರ್. ನಾವು ಬಟ್ಟೆ ಒಣಗಹಾಕೋ ಕಡೆಗೇ ಬಿಸಿಗಾಳಿ. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಕಾಂಪೌಂಡ್ ಪಾಚಿ ಕಟ್ಟಿದೆ. ತೊಲಗಿದ್ರೆ ಸಾಕು.

ಮನೆ 31: ಸ್ವಲ್ಪ ತಡೀರಿ. ನಾನು ಇದೇ ಲೈನ್‌ನಲ್ಲಿದ್ದು ರಿಟೈರ್ ಆದವನು. ಫ್ಯಾನ್ ಇರಲ್ಲ ಅನ್ನೋದು ನಿಜ, ಆದರೆ ಅವರ ರೂಮಿನ ಒಳಗೆ ಮಾತ್ರ! ಇಡೀ ಕಟ್ಟಡಕ್ಕೆ ಒಂದು ದೊಡ್ಡ ಏರ್ ಹ್ಯಾಂಡ್ಲಿಂಗ್ ಯೂನಿಟ್ ಬೇಕು. ಅದು ಹೊರಗಿನ ಗಾಳಿ ಎಳ್ಕೊಂಡು, ತೇವ ತೆಗೆದು, ತಂಪು ಮಾಡಿ ಪ್ರೆಶರ್‌ನಲ್ಲಿ ಡಕ್ಟ್‌ಗೆ, ಅಂದ್ರೆ ಗಾಳಿ ಕೊಳವೆಗೆ, ತಳ್ಳುತ್ತೆ. ರೂಮಿನ ಕಿಟಕಿ ಕೆಳಗೆ ಕೂರೋ ಇಂಡಕ್ಷನ್ ಯೂನಿಟ್‌ನಲ್ಲಿ ಸಣ್ಣ ಸಣ್ಣ ನಾಜಲ್‌ಗಳು. ಅಲ್ಲಿಂದ ಗಾಳಿ ರಭಸವಾಗಿ ನುಗ್ಗುವಾಗ ರೂಮಿನ ಗಾಳಿನೂ ಜೊತೆಗೆ ಸೆಳೆದುಕೊಳ್ಳುತ್ತೆ, ಅದು ತಣ್ಣೀರು ಹರಿಯೋ ಕಾಯಿಲ್ ಹಾದು ಬರುತ್ತೆ. 1930ರ ದಶಕದಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎತ್ತರದ ಕಟ್ಟಡಗಳಿಗೆ ತಂದ ಪದ್ಧತಿ. ಡಕ್ಟ್ ಸಣ್ಣದು ಸಾಕು, ಆದರೆ ಪ್ರೆಶರ್ ಜಾಸ್ತಿ ಬೇಕು, ಅಂದ್ರೆ ಆ ದೊಡ್ಡ ಫ್ಯಾನೂ ಜೋರು. ಅದೂ ನೀರು ತಂಪು ಮಾಡೋ ಚಿಲ್ಲರೂ ಎಲ್ಲಿ ಕೂರುತ್ತೆ ಅಂತ ಕೇಳಿದ್ರಾ?

ಕಾರ್ಯದರ್ಶಿ: ಟೆರೇಸ್ ಮೇಲೆ, ಹಿಂಭಾಗದಲ್ಲಿ ಅಂದ್ರು.

ಮನೆ 8: ಹಿಂಭಾಗ ಅಂದ್ರೆ ನಮ್ಮ ಬೆಡ್‌ರೂಮ್ ಕಿಟಕಿ ಎದುರಿಗೇ!! ಅತ್ತೆಗೆ ಈಗಲೇ ರಾತ್ರಿ ನಿದ್ದೆ ಇಲ್ಲ.

ಮನೆ 12: ಕಸದ ಗಾಡಿ ಇವತ್ತು ಬರುತ್ತಾ?

ಮನೆ 31: ಮೇಡಂ, ಡ್ರಾಯಿಂಗ್ ಫೈನಲ್ ಆಗೋ ಮುಂಚೆ ಕೇಳಿದ್ರೆ ಮೇನ್ ರೋಡ್ ಕಡೆಗೆ ಸರಿಸಬಹುದು. ಡಕ್ಟ್ ಹಾಕಿದ ಮೇಲೆ ಯಾರೂ ಸರಿಸಲ್ಲ. ಮೆಷಿನ್ ಕೆಳಗೆ ಸ್ಪ್ರಿಂಗ್, ಗಾಳಿ ಎಳೆಯೋ ಬಾಯಿಗೆ ಸೈಲೆನ್ಸರ್, ಸುತ್ತ ಸದ್ದು ತಡೆಯೋ ಗೋಡೆ. ಮೂರನ್ನೂ ಬರೆಸಿಕೊಳ್ಳೋಣ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಅರ್ಜಿಯಲ್ಲಿ ಈ ಅಂಕಿ ಇರಲಿ.

ಮನೆ 17: ಅಂಕಲ್, ನೀರು ಹನಿಯೋದು?

ಮನೆ 31: ಸರಿಯಾಗಿ ಡಿಸೈನ್ ಮಾಡಿದ್ರೆ ರೂಮಿನ ಕಾಯಿಲ್ ಒಣಗೇ ಇರುತ್ತಮ್ಮ. ತೇವ ತೆಗೆಯೋ ಕೆಲಸ ಮೇಲಿನ ಮೆಷಿನ್ನಿಂದು. ಒಳಗೆ 24 ಡಿಗ್ರಿ, ತೇವಾಂಶ ಶೇ. 55 ಇದ್ರೆ ಸುಮಾರು 14 ಡಿಗ್ರಿಗೇ ಹನಿ ಕಟ್ಟುತ್ತೆ. ಅದಕ್ಕಿಂತ ತಣ್ಣಗಿನ ನೀರನ್ನ ಕಾಯಿಲ್‌ಗೆ ಬಿಟ್ರೆ ಕೆಟ್ಟಿತು. ನಮ್ಮೂರಲ್ಲಿ ಇನ್ನೊಂದು ಕಾಟ: ಸಂಜೆ ತಣ್ಣಗಿದೆ ಅಂತ ಆಫೀಸ್ ಹುಡುಗರು ಕಿಟಕಿ ತೆಗೀತಾರೆ, ಮಳೆಗಾಲದ ತೇವವೆಲ್ಲ ಒಳಗೆ. ಆದ್ದರಿಂದ ಡ್ರೈನ್ ಪೈಪ್ ಬೇಕೇ ಬೇಕು, ಅದು ಅವರ ಚರಂಡಿ ಚೇಂಬರ್‌ಗೇ ಹೋಗಬೇಕು.

ಕಾರ್ಯದರ್ಶಿ: ಹಾಗಾದ್ರೆ ಅರ್ಜಿ ವಾಪಸ್ ಇಲ್ಲ. ಭಾನುವಾರ ಬೆಳಗ್ಗೆ 10ಕ್ಕೆ ಪಾರ್ಕ್ ಹತ್ರ ಸೇರೋಣ, ಓನರ್‌ಗೂ ಅವರ ಕನ್ಸಲ್ಟೆಂಟ್‌ಗೂ ಹೇಳ್ತೀನಿ. ಮನೆ 8ರವರು ಕಿಟಕಿಯಿಂದ ಟೆರೇಸ್ ಕಾಣೋ ಫೋಟೋ ಹಾಕಿ. ಕಸದ ಗಾಡಿ ಆಗಲೇ ಬಂದು ಹೋಯ್ತು.

ಮನೆ 17: ಅರ್ಜೀಲಿ ಪಾಚಿ ವಿಷಯ ಬಿಡಬೇಡಿ ಸರ್. ಪೇಂಟ್ ಖರ್ಚು ಅವರೇ ಕೊಡಲಿ.